ಹುರುಳಿ ಹಾಸಿದ ರಸ್ತೆ, ಹಿಮ ಬಿದ್ದ ರಸ್ತೆ

ಅಮ್ಮಸಂದ್ರದಲ್ಲಿ ಹಿಮ ಬೀಳುವುದಿಲ್ಲ. ಜನವರಿಯ ನಸುಕಿನಲ್ಲಿ ತೋಟದ ಮೇಲೆ ಮಂಜು ಕವಿದು, ಸ್ವೆಟರಿಲ್ಲದೆ ಹೊರಗೆ ಕಾಲಿಡಲು ಆಗದಿದ್ದರೂ ಉಷ್ಣಾಂಶ ಸೊನ್ನೆಯ ಹತ್ತಿರಕ್ಕೂ ಬರುವುದಿಲ್ಲ. ಆದರೂ ಚಳಿಗಾಲದಲ್ಲಿ ನಮ್ಮ ರಸ್ತೆಗಳ ಮೇಲೆ ಒಂದು ಪದರ ಬೀಳುತ್ತದೆ. ರಾಗಿ ಕೊಯ್ಲು ಮುಗಿದು ಹುರುಳಿ ಕಿತ್ತು ಬಂದ ಮೇಲೆ ತುರುವೇಕೆರೆ, ಚಿಕ್ಕನಾಯಕನಹಳ್ಳಿ, ತಿಪಟೂರು ಸೀಮೆಯ ಎಷ್ಟೋ ಹಳ್ಳಿಗಳಲ್ಲಿ ಡಾಂಬರು ರಸ್ತೆಯೇ ಕಣ. ಗಿಡವನ್ನು ಉದ್ದಕ್ಕೂ ಹಾಸುತ್ತಾರೆ, ಓಡಾಡುವ ವಾಹನಗಳು ತುಳಿದು ಒಕ್ಕುತ್ತವೆ.

ಇದೇ ಊರುಗಳ ಮಕ್ಕಳು ಈಗ ಟೊರೊಂಟೊ, ಡೆಟ್ರಾಯಿಟ್, ಮ್ಯೂನಿಕ್‌ಗಳಲ್ಲಿದ್ದಾರೆ. ಅಲ್ಲಿ ಅವರ ಪುಟ್ಟ ಗಾಲ್ಫ್ ಜಿಟಿಐ, ಮಿನಿ ಕೂಪರ್‌ಗಳು ನಿಜವಾದ ಹಿಮದ ಮೇಲೆ ಓಡುತ್ತವೆ. ಇಲ್ಲಿ ಉಳಿದವರ ಸ್ವಿಫ್ಟ್, ಪೋಲೋ, ಐ20 ಎನ್ ಲೈನ್‌ಗಳು ಹುರುಳಿಯ ಮೇಲೆ. ಡಿಸೆಂಬರ್ ರಜೆಗೆ ಎಲ್ಲರೂ ಒಂದೇ ಜಗಲಿಯಲ್ಲಿ ಸೇರಿದಾಗ ಕೇಳಿಬರುವ ಉಪದೇಶಗಳಲ್ಲಿ ಅರ್ಧದಷ್ಟು ಎರಡೂ ಕಡೆ ತಪ್ಪು. ಕಾರಿನ ಓಟ, ತಿರುವು, ನಿಲುಗಡೆ ಎಲ್ಲವೂ ನಡೆಯುವುದು ನಾಲ್ಕು ಟೈರುಗಳು ನೆಲ ಮುಟ್ಟುವ ನಾಲ್ಕು ಅಂಗೈಯಗಲದ ಜಾಗದಲ್ಲಿ. ಎಂಜಿನ್ ಎಷ್ಟೇ ಚುರುಕಾಗಿದ್ದರೂ ಆ ಜಾಗದಲ್ಲಿ ಇಲ್ಲದ ಹಿಡಿತವನ್ನು ಅದು ಹುಟ್ಟಿಸಲಾರದು.

“ಹುಲ್ಲು ತಾನೆ, ಮೆತ್ತಗಿರುತ್ತೆ. ಹೋಗ್ತಾ ಇರಣ್ಣ, ಏನೂ ಆಗಲ್ಲ.”

ಆಗುತ್ತದೆ. ಸಡಿಲವಾಗಿ ಹಾಸಿದ ಹುರುಳಿ ಬಳ್ಳಿ ರಸ್ತೆಗೆ ಅಂಟಿಕೊಂಡಿರುವುದಿಲ್ಲ. ಬ್ರೇಕ್ ಒತ್ತಿದಾಗ ಟೈರು ಬಳ್ಳಿಯನ್ನು ಹಿಡಿಯುತ್ತದೆ, ಬಳ್ಳಿಯೇ ಡಾಂಬರಿನ ಮೇಲೆ ಜಾರುತ್ತದೆ. ಬೆಳಗಿನ ಇಬ್ಬನಿಯಲ್ಲಿ ನೆನೆದಿದ್ದರೆ ಇನ್ನೂ ಕೆಟ್ಟದ್ದು. ಮಧ್ಯಾಹ್ನದ ಹೊತ್ತಿಗೆ ಗಿಡ ನುಗ್ಗಾಗಿ ಕಾಳು ಉದುರಿದ ಮೇಲೆ ಗಟ್ಟಿ ಕಾಳುಗಳು ಟೈರಿನಡಿ ಉರುಳುತ್ತವೆ. ಹೊಟ್ಟು ತೂರಿ, ರಾಶಿ ಒಟ್ಟಿ ಮನೆಗೆ ಸಾಗಿಸಿದ ಮೇಲೂ ಚೆಲ್ಲಿದ ಕಾಳು ರಸ್ತೆಯಲ್ಲೇ ಉಳಿಯುತ್ತದೆ. ಸಂಜೆ ಸ್ಕೂಟರಿನವರು ಬೀಳುವುದು ಅದರ ಮೇಲೆ.

ಕಾರಿಗೆ ಇದಕ್ಕಿಂತ ದೊಡ್ಡ ಅಪಾಯ ಬೆಂಕಿ. ನಮ್ಮ ಸಾಮಾನ್ಯ ಪುಟ್ಟ ಕಾರುಗಳ ಹೊಟ್ಟೆಗೂ ನೆಲಕ್ಕೂ ಇರುವ ಅಂತರ 165 ಮಿಲಿಮೀಟರ್ ಆಸುಪಾಸು. ನಾಲ್ಕು ಜನ ಕೂತು ಡಿಕ್ಕಿಯಲ್ಲಿ ಲಗೇಜು ತುಂಬಿದರೆ ಇನ್ನೂ ಕಡಿಮೆ. ಸ್ಪೋರ್ಟಿಯಾಗಿ ಕಾಣಲೆಂದು ಸ್ಪ್ರಿಂಗ್ ಬದಲಿಸಿ ಕಾರನ್ನು ತಗ್ಗಿಸಿದವರ ಪಾಡು ಕೇಳುವುದೇ ಬೇಡ. ಒತ್ತಾಗಿ ಹಾಸಿದ ಹುರುಳಿ ಆ ಸಂದಿಯಲ್ಲಿ ಸಿಕ್ಕಿ, ಚಕ್ರಕ್ಕೆ ತಿರುಗುಬಲ ಒಯ್ಯುವ ಶಾಫ್ಟಿಗೆ ಹಗ್ಗದಂತೆ ಸುತ್ತಿಕೊಳ್ಳುತ್ತದೆ, ಹೊಗೆ ಕೊಳವೆಯ ಪಕ್ಕ ಗಿಡಿದುಕೊಳ್ಳುತ್ತದೆ. ಆ ಕೊಳವೆಯ ದಾರಿಯಲ್ಲಿರುವ ಕ್ಯಾಟಲಿಟಿಕ್ ಕನ್ವರ್ಟರ್ ಹೊಗೆಯನ್ನು ಶುದ್ಧಗೊಳಿಸುವ ಡಬ್ಬಿ. ಕೆಲಸ ಮಾಡುವಾಗ ಅದರ ಒಳಗೆ 400 ಡಿಗ್ರಿ ಸೆಲ್ಸಿಯಸ್‌ಗೂ ಮೀರಿದ ಕಾವು ಇರುತ್ತದೆ. ಒಣ ಹುಲ್ಲು ಹೊತ್ತಿಕೊಳ್ಳಲು ಅಷ್ಟೆಲ್ಲ ಬೇಕಿಲ್ಲ. ಕರ್ನಾಟಕದಲ್ಲಿ ಹುರುಳಿ ಒಕ್ಕಣೆಯ ಮೇಲೆ ಹಾದ ಕಾರುಗಳು ಹೊತ್ತಿ ಉರಿದ ಸುದ್ದಿ ಚಳಿಗಾಲದ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬಂದಿದೆ.

ಇಲ್ಲಿ ಜನ ಮಾಡುವ ತಪ್ಪು ಒಂದಿದೆ. ಸುಟ್ಟ ವಾಸನೆ ಬಂತೆಂದು ಹುಲ್ಲಿನ ಮೇಲೆಯೇ ಗಾಡಿ ನಿಲ್ಲಿಸಿ, ಎಂಜಿನ್ ಚಾಲೂ ಇಟ್ಟು, ಇಳಿದು ಬಗ್ಗಿ ನೋಡುವುದು. ಓಡುವಾಗ ಬೀಸುತ್ತಿದ್ದ ಗಾಳಿಯೂ ನಿಂತು, ಕೆಳಗಿನ ಹಾಸು ಕಾದ ಕೊಳವೆಗೆ ತಾಗಿಕೊಂಡೇ ಇರುತ್ತದೆ. ಸಾಧ್ಯವಾದಷ್ಟು ಬೇಗ ಬರಿ ನೆಲಕ್ಕೆ ಬಂದು ಎಂಜಿನ್ ಆರಿಸಿ ಎಲ್ಲರೂ ಇಳಿದು ದೂರ ನಿಲ್ಲಬೇಕು. ಹೊಗೆ ಎದ್ದಿದ್ದರೆ ಬಾನೆಟ್ ಅಗಲಕ್ಕೆ ತೆರೆಯಬಾರದು, ಒಳಗಿನ ಕಿಡಿಗೆ ಗಾಳಿ ಸಿಕ್ಕಂತಾಗುತ್ತದೆ.

ರೈತರನ್ನು ಬಯ್ದು ಮುಗಿಸುವ ವಿಷಯ ಇದಲ್ಲ. ಸಗಣಿ ಸಾರಿಸಿದ ಕಣ, ರೋಣಗಲ್ಲು, ಎತ್ತು ಎಲ್ಲವೂ ಹೋದವು. ಕಣವಿದ್ದ ಜಾಗದಲ್ಲಿ ತೆಂಗಿನ ಸಸಿ ಎದ್ದಿದೆ, ಕೂಲಿಗೆ ಜನ ಸಿಗುವುದಿಲ್ಲ. ಹುರುಳಿ ಮಾಡುವವರು ಹೆಚ್ಚಾಗಿ ಸಣ್ಣ ಹಿಡುವಳಿಯವರು, ಯಂತ್ರ ಬಾಡಿಗೆಗೆ ತಂದರೆ ಕಾಳಿನ ದುಡ್ಡು ಅಲ್ಲಿಗೇ ಸರಿಹೋಗುತ್ತದೆ. ಆದರೆ ಗಾಡಿಗಳು ಹಾಸಿನ ಮೇಲೆಯೇ ಬರಲೆಂದು ರಸ್ತೆಗೆ ಅಡ್ಡ ಇಟ್ಟ ಕಲ್ಲುಗಳನ್ನು ಕತ್ತಲಾದ ಮೇಲೂ ಅಲ್ಲೇ ಬಿಟ್ಟು ಹೋಗುವುದಕ್ಕೆ ಯಾವ ಸಮರ್ಥನೆಯೂ ಇಲ್ಲ. ಇನ್ನು ಚಾಲಕರು ನೆನಪಿಡಬೇಕಾದದ್ದು, ಹಾಸು ಇರುವಲ್ಲಿ ಜನರೂ ಇರುತ್ತಾರೆ. ಕೋಲು ಹಿಡಿದು ಗಿಡ ಮಗುಚುವ ಹೆಂಗಸರು ರಸ್ತೆಗೆ ಬೆನ್ನು ಹಾಕಿ ಬಗ್ಗಿರುತ್ತಾರೆ.

“ಪುಟ್ಟ ಕಾರು ಹಿಮಕ್ಕೆ ಆಗಲ್ಲ. ಅದಕ್ಕೆ ಫೋರ್ ವೀಲ್ ಡ್ರೈವ್ ದೊಡ್ಡ ಗಾಡೀನೇ ಬೇಕು.”

1964ರ ಮಾಂಟೆ ಕಾರ್ಲೊ ರ‍್ಯಾಲಿಯನ್ನು ಆಲ್ಪ್ಸ್ ಪರ್ವತದ ಹಿಮ, ಮಂಜುಗಡ್ಡೆಯ ಹಾದಿಯಲ್ಲಿ ಗೆದ್ದದ್ದು 1071 ಸಿಸಿ ಎಂಜಿನ್ನಿನ ಮಿನಿ ಕೂಪರ್ ಎಸ್, ಚಾಲಕ ಪ್ಯಾಡಿ ಹಾಪ್‌ಕಿರ್ಕ್. 1965ರಲ್ಲಿ ಟಿಮೊ ಮಾಕಿನೆನ್, 1967ರಲ್ಲಿ ರೌನೊ ಆಲ್ಟೊನೆನ್ ಮತ್ತೆ ಮಿನಿಯಲ್ಲೇ ಗೆದ್ದರು. ಅದೇನು ಪವಾಡವಲ್ಲ. ಎಂಜಿನ್ನಿನ ಭಾರವೆಲ್ಲ ಎಳೆಯುವ ಮುಂದಿನ ಚಕ್ರಗಳ ಮೇಲೆಯೇ ಕೂತಿತ್ತು, ಕಾರು ಹಗುರವಾಗಿತ್ತು, ಟೈರು ಹಿಮಕ್ಕೆ ತಕ್ಕುದಾಗಿತ್ತು.

ನಾಲ್ಕೂ ಚಕ್ರ ಎಳೆಯುವ ಗಾಡಿ ನಿಂತಲ್ಲಿಂದ ಹೊರಡುವಾಗ, ಏರು ಹತ್ತುವಾಗ ನಿಜಕ್ಕೂ ಮೇಲು. ನಿಲ್ಲುವಾಗ ಅದರ ಹೆಚ್ಚುಗಾರಿಕೆ ಏನೂ ಇಲ್ಲ, ಏಕೆಂದರೆ ಬ್ರೇಕು ಎಲ್ಲ ಕಾರುಗಳಲ್ಲೂ ನಾಲ್ಕು ಚಕ್ರಕ್ಕೇ ಇರುತ್ತದೆ. ಭಾರದ ಗಾಡಿ ನೆಲವನ್ನು ಹೆಚ್ಚು ಒತ್ತುತ್ತದೆ ನಿಜ, ಆದರೆ ನಿಲ್ಲಿಸಬೇಕಾದ ತೂಕವೂ ಅಷ್ಟೇ ಹೆಚ್ಚು. ಎರಡೂ ಒಂದನ್ನೊಂದು ಹೊಡೆದುಹಾಕುತ್ತವೆ. ಉಳಿಯುವುದು ವೇಗ ಮತ್ತು ನೆಲದ ಹಿಡಿತ. ಲೆಕ್ಕ ಹಾಕಿ ನೋಡಿ: ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಒಣ ಡಾಂಬರಿನ ಮೇಲೆ ಬ್ರೇಕ್ ಒತ್ತಿದ ಮೇಲೆ ಸುಮಾರು 18 ಮೀಟರ್‌ನಲ್ಲಿ ನಿಲ್ಲುವ ಕಾರು, ತುಳಿದು ಗಟ್ಟಿಯಾದ ಹಿಮದ ಮೇಲೆ ಸುಮಾರು 70 ಮೀಟರ್ ತೆಗೆದುಕೊಳ್ಳುತ್ತದೆ. ಮಂಜುಗಡ್ಡೆಯ ಮೇಲೆ ಅದರ ಎರಡರಷ್ಟು. ವೇಗವನ್ನು 30ಕ್ಕೆ ಇಳಿಸಿದರೆ ಹಿಮದ ಮೇಲೂ ಅದೇ 18 ಮೀಟರ್. ವೇಗ ಅರ್ಧವಾದರೆ ನಿಲ್ಲುವ ದೂರ ಕಾಲು ಭಾಗಕ್ಕೆ ಬರುತ್ತದೆ, ಯಾವ ದುಬಾರಿ ಯಂತ್ರವೂ ಕೊಡದ ಲಾಭ ಅದು.

ಪುಟ್ಟ ಕಾರಿನ ನಿಜವಾದ ಮಿತಿ ಹಿಮದ ಆಳ. ಕಾರಿನ ಹೊಟ್ಟೆಗಿಂತ ಎತ್ತರ ಬಿದ್ದ ಹಿಮಕ್ಕೆ ನುಗ್ಗಿದರೆ ಕಾರು ಅದರ ಮೇಲೆ ಕೂತುಬಿಡುತ್ತದೆ, ಚಕ್ರ ಸುಮ್ಮನೆ ಗಾಳಿಯಲ್ಲಿ ತಿರುಗುತ್ತದೆ. ಹುರುಳಿಯಲ್ಲೂ ಇದೇ ಅಳತೆ ನಡೆಯುತ್ತದೆ. ಹಾಸು ಮೊಣಕಾಲೆತ್ತರ ಕಂಡರೆ ಸುತ್ತು ಬಳಸಿಯಾದರೂ ಬೇರೆ ದಾರಿ ಹಿಡಿಯುವುದು ಕ್ಷೇಮ.

“ಅಗಲ ಟೈರ್ ಹಾಕ್ಸು, ಗಾಳಿ ಸ್ವಲ್ಪ ಕಮ್ಮಿ ಮಾಡು. ಗ್ರಿಪ್ ಕೂರುತ್ತೆ.”

ಒಣ ರಸ್ತೆಯ ತಿರುವಿನಲ್ಲಿ ಅಗಲ ಟೈರು ಒಳ್ಳೆಯದೇ. ಟೈರಿಗೂ ರಸ್ತೆಗೂ ನಡುವೆ ಇನ್ನೊಂದು ಪದರ ಬಂದಾಗ ಲೆಕ್ಕ ತಿರುಗಿಬೀಳುತ್ತದೆ. ಅದೇ ತೂಕ ಹೆಚ್ಚು ಜಾಗಕ್ಕೆ ಹಂಚಿಹೋಗಿ ಟೈರು ಪದರವನ್ನು ಸೀಳದೆ ಅದರ ಮೇಲೆ ತೇಲುತ್ತದೆ. ಅದಕ್ಕೇ ಹಿಮದ ದೇಶಗಳಲ್ಲಿ ಸ್ಪೋರ್ಟ್ಸ್ ಕಾರಿನವರು ಚಳಿಗಾಲ ಬಂತೆಂದರೆ ದೊಡ್ಡ ರಿಮ್ ಬಿಚ್ಚಿಟ್ಟು, ಒಂದು ಇಂಚು ಚಿಕ್ಕ ರಿಮ್ಮಿಗೆ ಸಪೂರ ಟೈರು ಹಾಕಿಸುತ್ತಾರೆ. ನಮ್ಮ ಹುಡುಗರು ತಿಪಟೂರಿನ ಟೈರ್ ಅಂಗಡಿಯಲ್ಲಿ ಮಾಡಿಸುವುದು ಇದಕ್ಕೆ ಸರಿಯಾಗಿ ಉಲ್ಟಾ.

ಗಾಳಿಯ ಮಾತು ಮರಳಿನಿಂದ ಬಂದದ್ದು. ಆಳವಾದ ಮರಳಲ್ಲಿ ಗಾಳಿ ಇಳಿಸುವುದು ಸರಿ. ನೀರಿನ ಮೇಲೆ ಅದು ತಪ್ಪು ಎನ್ನುವುದನ್ನು ನಾಸಾದ ವಾಲ್ಟರ್ ಹಾರ್ನ್ ಮತ್ತು ರಾಬರ್ಟ್ ಡ್ರೇಹರ್ 1963ರಲ್ಲೇ ತೋರಿಸಿದರು. ವಿಮಾನದ ಟೈರುಗಳನ್ನು ಪರೀಕ್ಷಿಸಿ ಅವರು ಕಟ್ಟಿದ ಸೂತ್ರದ ಪ್ರಕಾರ 32 ಪಿಎಸ್‌ಐ ಗಾಳಿಯ ಟೈರು ನಿಂತ ನೀರಿನ ಮೇಲೆ ತೇಲತೊಡಗುವುದು ಗಂಟೆಗೆ ಸುಮಾರು 94 ಕಿಲೋಮೀಟರ್ ವೇಗದಲ್ಲಿ, 22ಕ್ಕೆ ಇಳಿಸಿದರೆ 78ರಲ್ಲೇ. ಅಕ್ಟೋಬರ್ ಮಳೆಗೆ ಕೆರೆ ಕೋಡಿ ಬಿದ್ದು ರಸ್ತೆಯಲ್ಲಿ ನೀರು ಹರಿಯುವಾಗ ನೆನಪಿಡಬೇಕಾದ ಅಂಕಿ ಇದು. ಟೈರು ಸವೆದಿದ್ದರೆ ಇನ್ನೂ ಕಡಿಮೆ ವೇಗಕ್ಕೇ ತೇಲಬಹುದು. ಅಂದಹಾಗೆ ಚಳಿಗೆ ಗಾಳಿಯ ಒತ್ತಡ ತಾನಾಗಿಯೇ ಇಳಿಯುತ್ತದೆ, ನಾವು ಬೇರೆ ಇಳಿಸಬೇಕಿಲ್ಲ.

“ಟೈರು ಹೊಸದು, ಮೊನ್ನೆ ತಾನೆ ಹಾಕ್ಸಿದೀನಿ.”

ವಿದೇಶಕ್ಕೆ ಹೊಸದಾಗಿ ಹೋದ ನಮ್ಮವರು ಸಿಕ್ಕಿಬೀಳುವುದು ಇಲ್ಲೇ. ಎಷ್ಟೋ ಸ್ಪೋರ್ಟಿ ಕಾರುಗಳು ಶೋರೂಮಿನಿಂದ ಬರುವುದು ಬೇಸಿಗೆ ಟೈರಿನಲ್ಲಿ. ಸುಮಾರು 7 ಡಿಗ್ರಿಗಿಂತ ಕೆಳಗೆ ಅದರ ರಬ್ಬರು ಬಿಗಿಯಾಗಿ ಹಿಡಿತ ಕಳೆದುಕೊಳ್ಳುತ್ತದೆ, ಹಿಮವೇ ಬೀಳದಿದ್ದರೂ. ಚಳಿಗಾಲದ ಟೈರಿನ ರಬ್ಬರು ಚಳಿಯಲ್ಲೂ ಮೆದುವಾಗಿ ಉಳಿಯುತ್ತದೆ, ಅದರ ಮೈಮೇಲಿನ ಸಣ್ಣ ಸೀಳುಗಳು ಹಿಮವನ್ನು ಕಚ್ಚುತ್ತವೆ. ಮೂರು ಶಿಖರದ ಬೆಟ್ಟ, ನಡುವೆ ಹಿಮದ ಹರಳಿನ ಚಿತ್ರ ಟೈರಿನ ಪಕ್ಕದಲ್ಲಿದೆಯೇ ನೋಡಿಕೊಳ್ಳಬೇಕು. ಕೆನಡಾದ ಕ್ವಿಬೆಕ್‌ನಲ್ಲಿ ಡಿಸೆಂಬರ್ 1ರಿಂದ ಮಾರ್ಚ್ 15ರವರೆಗೆ ಇಂಥ ಟೈರು ಕಡ್ಡಾಯ. ಜರ್ಮನಿಯಲ್ಲಿ ತಾರೀಕಿನ ಲೆಕ್ಕವಿಲ್ಲ, ರಸ್ತೆಯಲ್ಲಿ ಹಿಮವೋ ಮಂಜುಗಡ್ಡೆಯೋ ಇದ್ದರೆ ಹಾಕಿರಲೇಬೇಕು. ಟೊರೊಂಟೊ ಇರುವ ಒಂಟಾರಿಯೊದಲ್ಲಿ ಕಡ್ಡಾಯವಿಲ್ಲ, ಆದರೆ 2016ರಿಂದ ಹಾಕಿಸಿದವರಿಗೆ ವಿಮಾ ಕಂಪನಿಗಳು ರಿಯಾಯಿತಿ ಕೊಡಲೇಬೇಕು. ಎಳೆಯುವ ಎರಡೇ ಚಕ್ರಕ್ಕೆ ಹಾಕಿಸಿ ದುಡ್ಡು ಉಳಿಸುವ ಜಾಣತನ ಬೇಡ, ಮುಂದೆ ಹಿಡಿತ ಹಿಂದೆ ಜಾರಿಕೆಯಾಗಿ ಕಾರು ಬುಗುರಿಯಾಗುತ್ತದೆ.

“ಎಬಿಎಸ್ ಇದೆ, ಒತ್ತಿದ್ರೆ ಅಲ್ಲೇ ನಿಲ್ಲುತ್ತೆ.”

2019ರ ಏಪ್ರಿಲ್‌ನಿಂದ ನಮ್ಮಲ್ಲಿ ಮಾರುವ ಹೊಸ ಕಾರುಗಳಿಗೆಲ್ಲ ಎಬಿಎಸ್ ಕಡ್ಡಾಯವಾಗಿದೆ. ಚಕ್ರ ಬಿಗಿದು ನಿಂತುಹೋಗದಂತೆ ತಡೆದು, ಬ್ರೇಕ್ ಒತ್ತಿದಾಗಲೂ ಸ್ಟೀರಿಂಗ್ ಮಾತು ಕೇಳುವಂತೆ ಮಾಡುವುದು ಅದರ ಕೆಲಸ. ಸಡಿಲ ಹಿಮ, ಜಲ್ಲಿ, ಹುಲ್ಲಿನ ಮೇಲೆ ನಿಲ್ಲುವ ದೂರವನ್ನು ಅದು ಹೆಚ್ಚಿಸಲೂಬಹುದು, ಯಾಕೆಂದರೆ ಬಿಗಿದು ನಿಂತ ಚಕ್ರ ಸಡಿಲ ವಸ್ತುವನ್ನು ತನ್ನ ಮುಂದೆ ಗುಡ್ಡೆ ಹಾಕಿಕೊಂಡು ತಡೆ ಒಡ್ಡುತ್ತದೆ, ಎಬಿಎಸ್ ಆ ಗುಡ್ಡೆಗೆ ಅವಕಾಶ ಕೊಡುವುದಿಲ್ಲ. ಹಾಗೆಂದು ಎಬಿಎಸ್ ಕೆಟ್ಟದ್ದಲ್ಲ. ಎದುರಿಗೆ ಮನುಷ್ಯರಿದ್ದಾಗ ಬಳಸಿ ಹೋಗುವ ಅವಕಾಶ ನಾಲ್ಕು ಮೀಟರ್ ಉಳಿಕೆಗಿಂತ ದೊಡ್ಡದು. ಪೆಡಲ್ ಕಾಲಡಿ ನಡುಗಿದಾಗ ಹೆದರಿ ಕಾಲೆತ್ತಬಾರದು, ಅದು ಕೆಲಸ ಮಾಡುತ್ತಿರುವ ಗುರುತು. ಹಳೆಯ ಅಂಬಾಸಿಡರ್ ಕಾಲದ “ಪಂಪ್ ಮಾಡಿ ಬ್ರೇಕ್ ಹಿಡಿ” ಎಂಬ ಪಾಠ ಎಬಿಎಸ್ ಇಲ್ಲದ ಗಾಡಿಗೆ ಮಾತ್ರ.

“ಡಿಕ್ಕೀಲಿ ಎರಡು ಮೂಟೆ ಕಾಯಿ ಹಾಕ್ಕೊ, ಗಾಡಿ ಕೂತು ಹೋಗುತ್ತೆ.”

ಹಿಂದಿನ ಚಕ್ರ ನೂಕುವ ಅಂಬಾಸಿಡರಿಗೆ ಈ ಮಾತು ಒಂದಷ್ಟು ಸರಿಯಿತ್ತು. ಹಿಮದ ದೇಶಗಳಲ್ಲೂ ಅಂಥ ಗಾಡಿಗೆ ಮರಳು ಮೂಟೆ ಹಾಕುತ್ತಿದ್ದರು. ಇವತ್ತಿನ ಪುಟ್ಟ ಕಾರುಗಳು ಬಹುತೇಕ ಮುಂದಿನ ಚಕ್ರ ಎಳೆಯುವಂಥವು. ಹಿಂದಿನ ಅಚ್ಚಿನಿಂದಾಚೆ ಹೇರಿದ ಭಾರ ಮೂತಿಯನ್ನು ಎತ್ತಿ, ಎಳೆಯುವ ಮತ್ತು ತಿರುಗಿಸುವ ಚಕ್ರಗಳನ್ನೇ ಹಗುರ ಮಾಡುತ್ತದೆ. ಜಾರಿಕೆಯಲ್ಲಿ ಹಿಂಭಾಗ ಒಮ್ಮೆ ಬೀಸಿತೆಂದರೆ ಆ ಭಾರವೇ ಅದನ್ನು ಇನ್ನಷ್ಟು ಬೀಸುತ್ತದೆ. ಮನಾಲಿಗೆ ಕಾರು ಒಯ್ಯುವ ಬೆಂಗಳೂರಿನವರು ಹಿಮದ ಚೈನನ್ನು ಹಿಂದಿನ ಚಕ್ರಕ್ಕೆ ಕಟ್ಟುವುದೂ ಇದೇ ತಪ್ಪಿನ ತಮ್ಮ. ಚೈನು ಎಳೆಯುವ ಚಕ್ರಕ್ಕೆ, ಅಂದರೆ ಇಂಥ ಕಾರಿನಲ್ಲಿ ಮುಂದಕ್ಕೆ.

“ಜಾರಿದ ಕಡೇಗೇ ಸ್ಟೀರಿಂಗ್ ತಿರುಗ್ಸು.”

ಇದು ಅರ್ಧ ಸತ್ಯ. ಹಿಂಭಾಗ ಎಡಕ್ಕೆ ಬೀಸಿದರೆ ಎಡಕ್ಕೆ ತಿರುಗಿಸುವುದು ಸರಿ. ಆದರೆ ಮುಂದಿನ ಚಕ್ರ ಎಳೆಯುವ ಕಾರಿನಲ್ಲಿ ಹೆಚ್ಚು ಆಗುವುದು ಇನ್ನೊಂದು: ಸ್ಟೀರಿಂಗ್ ತಿರುಗಿಸಿದರೂ ಕಾರು ನೇರ ಹೋಗುತ್ತದೆ. ಗಾಬರಿಯಲ್ಲಿ ಇನ್ನಷ್ಟು ತಿರುಗಿಸಿದರೆ ಪ್ರಯೋಜನವಿಲ್ಲ. ಆಕ್ಸಿಲರೇಟರ್ ಮೆಲ್ಲಗೆ ಸಡಿಲಿಸಿ, ಸ್ಟೀರಿಂಗನ್ನು ತುಸು ಹಿಂದಕ್ಕೆ ಬಿಟ್ಟು, ಟೈರು ಮತ್ತೆ ಹಿಡಿಯುವವರೆಗೆ ಕಾಯಬೇಕು. ಮೆಲ್ಲಗೆ ಎಂದದ್ದಕ್ಕೆ ಕಾರಣವಿದೆ. ಚುರುಕು ಸ್ವಭಾವದ ಪುಟ್ಟ ಕಾರಿನಲ್ಲಿ ತಿರುವಿನ ನಡುವೆ ಕಾಲನ್ನು ಥಟ್ಟನೆ ಎತ್ತಿದರೆ ಭಾರ ಮುಂದಕ್ಕೆ ಬಂದು ಹಿಂದಿನ ಚಕ್ರ ಹಗುರವಾಗಿ ಬೀಸಿಬಿಡುತ್ತದೆ. ಹೊರಡುವಾಗ ಎರಡನೇ ಗೇರಿನಲ್ಲಿ ಹೊರಡು ಎಂಬ ಹಳಬರ ಮಾತು ಮಾತ್ರ ಹಿಮದ ಮೇಲೆ ಇವತ್ತಿಗೂ ನಡೆಯುತ್ತದೆ, ಚಕ್ರಕ್ಕೆ ಹೋಗುವ ತಿರುಗುಬಲ ಕಡಿಮೆಯಾಗಿ ಸುಮ್ಮನೆ ಸುತ್ತುವುದು ತಪ್ಪುತ್ತದೆ.

“ಚಳೀಲಿ ಹತ್ತು ನಿಮಿಷ ಎಂಜಿನ್ ಓಡಿಸಿಟ್ಟು ಆಮೇಲೆ ಹೊರಡು.”

ಇಂಧನವನ್ನು ಕಂಪ್ಯೂಟರ್ ಅಳೆದು ಕೊಡುವ ಇಂದಿನ ಕಾರುಗಳಿಗೆ ಇದರ ಅಗತ್ಯವಿಲ್ಲ. ಗಾಜಿನ ಮೇಲಿನ ಹಿಮವನ್ನು ಪೂರ್ತಿ ಕೆರೆದು ತೆಗೆದು, ನಿಧಾನವಾಗಿ ಓಡಿಸಿದರೆ ಎಂಜಿನ್ ಬೇಗ ಬಿಸಿಯಾಗುತ್ತದೆ. ಮುಚ್ಚಿದ ಗ್ಯಾರೇಜಿನಲ್ಲಿ ಎಂಜಿನ್ ಓಡಿಸಿಟ್ಟರೆ ಕಾರ್ಬನ್ ಮಾನಾಕ್ಸೈಡ್ ತುಂಬಿಕೊಂಡು ಜೀವ ಹೋಗುತ್ತದೆ, ಬಾಗಿಲು ತೆರೆದಿಟ್ಟರೂ ಭರವಸೆಯಿಲ್ಲ. ಆ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಹಿಮದಲ್ಲಿ ಸಿಕ್ಕಿಕೊಂಡ ಪುಟ್ಟ ಕಾರಿಗೆ ಅಪಾಯ ಇನ್ನೂ ಹತ್ತಿರ, ಅದರ ಹೊಗೆ ಕೊಳವೆ ನೆಲಕ್ಕೆ ಅಷ್ಟು ಸಮೀಪ. ಹೀಟರ್‌ಗಾಗಿ ಎಂಜಿನ್ ಚಾಲೂ ಮಾಡುವ ಮುನ್ನ ಇಳಿದು ಕೊಳವೆಯ ಬಾಯಿಗೆ ಕಟ್ಟಿದ ಹಿಮ ತೆಗೆಯಬೇಕು, ಹಿಮ ಬೀಳುತ್ತಲೇ ಇದ್ದರೆ ಆಗಾಗ ಮತ್ತೆ ನೋಡಬೇಕು, ಗಾಳಿಯ ಕಡೆಗಿಲ್ಲದ ಕಿಟಕಿಯನ್ನು ಬೆರಳಷ್ಟು ಇಳಿಸಿರಬೇಕು. ಇಲ್ಲಿಯವರು ಹುರುಳಿ ದಾಟಿದ ಮೇಲೆ ಬರಿ ನೆಲದಲ್ಲಿ ನಿಲ್ಲಿಸಿ ಕಾರಿನ ಅಡಿಗೆ ಬಗ್ಗಿ ನೋಡಲಿ. ಸಿಕ್ಕಿದ ಬಳ್ಳಿಯನ್ನು ಎಂಜಿನ್ ಆರಿಸಿ, ಕೊಳವೆ ತಣ್ಣಗಾದ ಮೇಲೆ ಕೋಲಿನಿಂದ ಎಳೆದು ತೆಗೆಯಬೇಕು, ಬರಿಗೈ ಹಾಕಬಾರದು.