ಹಂಚಿಹೋದ ಓಟದಲ್ಲಿ ಒಬ್ಬನ ಬೆಲೆ: ಫ್ಯಾಂಟಸಿ ಫುಟ್‌ಬಾಲಿನ ಒಂದು ಲೆಕ್ಕ

ಒಂದು ಕೆಲಸವನ್ನು ಇಬ್ಬರು ಹಂಚಿಕೊಂಡು ಮಾಡಿದಾಗ ಒಟ್ಟು ಫಲದಲ್ಲಿ ಒಬ್ಬೊಬ್ಬನಿಗೆ ಸಲ್ಲತಕ್ಕ ಪಾಲೆಷ್ಟು, ಮುಂದೆ ಆ ಪಾಲು ಎಷ್ಟಾದೀತು ಎಂಬುದು ಸಂಖ್ಯಾಶಾಸ್ತ್ರಕ್ಕೆ ಹಳೆಯ ಪ್ರಶ್ನೆ. ಇದನ್ನು ಪರಿಶೀಲಿಸಲು ಅಮೆರಿಕನ್ ಫುಟ್‌ಬಾಲು ಅನುಕೂಲವಾದ ಕ್ಷೇತ್ರ. ಅಲ್ಲಿ ಪ್ರತಿಯೊಂದು ಓಟವೂ ಪ್ರತಿಯೊಂದು ಹಿಡಿತವೂ ಗಜಗಳಲ್ಲಿ ದಾಖಲೆಯಾಗುತ್ತದೆ.

ಆ ಆಟದಲ್ಲಿ ಚೆಂಡನ್ನು ಕೈಯಲ್ಲಿ ಹಿಡಿದು ಎದುರಾಳಿಗಳ ಸಾಲನ್ನು ಭೇದಿಸಿ ಓಡುವವನಿಗೆ ರನ್ನಿಂಗ್ ಬ್ಯಾಕ್ ಎಂದು ಹೆಸರು. ಫ್ಯಾಂಟಸಿ ಫುಟ್‌ಬಾಲೆಂಬುದು ಅದರ ಮೇಲೆ ಕಟ್ಟಿದ ಇನ್ನೊಂದು ಆಟ. ಭಾಗವಹಿಸುವವರು ನಿಜವಾದ ಆಟಗಾರರನ್ನು ಆರಿಸಿಕೊಂಡು ಕಲ್ಪಿತ ತಂಡಗಳನ್ನು ಕಟ್ಟುತ್ತಾರೆ. ಆ ಆಟಗಾರರ ಸಾಧನೆಯೇ ತಂಡದ ಅಂಕವಾಗುತ್ತದೆ. ಓಕ್‌ಲೆಂಡ್ ರೈಡರ್ಸ್ ತಂಡದ ಪಾಲುದಾರನಾಗಿದ್ದ ಬಿಲ್ ವಿಂಕನ್‌ಬ್ಯಾಕ್ ಮತ್ತು ಆತನ ಸಂಗಡಿಗರು 1962ರಲ್ಲಿ ಇದರ ನಿಯಮಗಳನ್ನು ರೂಪಿಸಿದರು. ಈಗ ರೂಢಿಯಲ್ಲಿರುವ ಸಾಮಾನ್ಯ ಕ್ರಮದಲ್ಲಿ 10 ಗಜಕ್ಕೆ 1 ಅಂಕ, ಟಚ್‌ಡೌನಿಗೆ 6 ಅಂಕ. ಕೆಲವು ಕೂಟಗಳಲ್ಲಿ ಎಸೆದ ಚೆಂಡನ್ನು ಹಿಡಿದ ಪ್ರತಿ ಸಲಕ್ಕೂ ಇನ್ನೊಂದು ಅಂಕ ಸೇರುತ್ತದೆ.

ಒಂದೇ ತಂಡದಲ್ಲಿ ಇಬ್ಬರು ಓಟಗಾರರು ಸರದಿಯ ಮೇಲೆ ಆಡುವಾಗ ಆಯ್ಕೆ ಮಾಡುವವನಿಗೆ ತೊಡಕುಂಟಾಗುತ್ತದೆ. ಡೆಟ್ರಾಯಿಟ್ ಲಯನ್ಸ್ ತಂಡದ 2023ರ ಋತುವನ್ನು ನಿದರ್ಶನವಾಗಿ ತೆಗೆದುಕೊಳ್ಳೋಣ. ಜಾಮೀರ್ ಗಿಬ್ಸ್ 15 ಪಂದ್ಯಗಳಲ್ಲಿ 182 ಓಟಗಳಿಂದ 945 ಗಜವನ್ನೂ, 52 ಹಿಡಿತಗಳಿಂದ 316 ಗಜವನ್ನೂ, ಒಟ್ಟು 11 ಟಚ್‌ಡೌನುಗಳನ್ನೂ ಗಳಿಸಿದನು. ಡೇವಿಡ್ ಮಾಂಟ್‌ಗೊಮೆರಿ 14 ಪಂದ್ಯಗಳಲ್ಲಿ 219 ಓಟಗಳಿಂದ 1,015 ಗಜವನ್ನೂ, 16 ಹಿಡಿತಗಳಿಂದ 117 ಗಜವನ್ನೂ, 13 ಟಚ್‌ಡೌನುಗಳನ್ನೂ ಗಳಿಸಿದನು.

ಚೆಂಡು ಕೈಬಿಟ್ಟುದಕ್ಕೆ ಕಳೆಯುವ ಅಂಕಗಳನ್ನು ಗಣಿಸದೆ ಲೆಕ್ಕ ಹಾಕಿದರೆ, ಸಾಮಾನ್ಯ ಕ್ರಮದಲ್ಲಿ ಗಿಬ್ಸನಿಗೆ 192.1, ಮಾಂಟ್‌ಗೊಮೆರಿಗೆ 191.2 ಅಂಕಗಳು ಬರುತ್ತವೆ. ಇಬ್ಬರೂ ಸಮಾನರೆಂದೇ ಹೇಳಬೇಕು. ಪಂದ್ಯವೊಂದರ ಸರಾಸರಿಯನ್ನು ನೋಡಿದರೆ ಮಾಂಟ್‌ಗೊಮೆರಿಯೇ ಮುಂದು: ಅವನದು 13.7, ಗಿಬ್ಸನದು 12.8. ಹಿಡಿತಕ್ಕೆ ಅಂಕ ಕೊಡುವ ಕೂಟದಲ್ಲಾದರೋ ಸರಾಸರಿಗಳು ಕ್ರಮವಾಗಿ 14.8 ಮತ್ತು 16.3 ಆಗಿ ಸ್ಥಾನ ಅದಲುಬದಲಾಗುತ್ತದೆ. ಆದುದರಿಂದ ಯಾವ ಅಳತೆಗೋಲೆಂಬುದನ್ನು ಹೇಳದೆ "ಇಬ್ಬರಲ್ಲಿ ಯಾರು ಮೇಲು?" ಎಂದು ಕೇಳುವುದು ಅಪೂರ್ಣವಾದ ಪ್ರಶ್ನೆ.

ಎರಡನೆಯದಾಗಿ ಅವಕಾಶದ ಸಂಖ್ಯೆಯೊಡನೆ ಅದರ ಬಗೆಯನ್ನೂ ಗಮನಿಸಬೇಕು. ಇಬ್ಬರ ಒಟ್ಟು 401 ಓಟಗಳಲ್ಲಿ ಗಿಬ್ಸನಿಗೆ ದೊರೆತ ಪಾಲು ಶೇಕಡಾ 45. ಇಷ್ಟನ್ನೇ ಕಂಡವರು ಅವನನ್ನು ಎರಡನೆಯವನೆಂದು ಎಣಿಸಬಹುದು. ಆದರೆ ಟಚ್‌ಡೌನುಗಳನ್ನು ಬಿಟ್ಟು ನೋಡಿದಾಗ ಅವನ ಒಂದು ಓಟದ ಬೆಲೆ ಸುಮಾರು ಅರ್ಧ ಅಂಕ. ಹಿಡಿತಕ್ಕೆ ಅಂಕವಿರುವ ಕೂಟದಲ್ಲಿ ಅವನ ಒಂದು ಹಿಡಿತದ ಬೆಲೆ ಸುಮಾರು 1.6 ಅಂಕ. ಒಂದು ಹಿಡಿತ ಮೂರು ಓಟಗಳಿಗೆ ಸಮವಾಯಿತು.

ಮೂರನೆಯದು ಟಚ್‌ಡೌನುಗಳ ಅಸ್ಥಿರತೆ. ಇದೇ ಲಯನ್ಸ್ ತಂಡದಲ್ಲಿ 2022ರಲ್ಲಿ ಜಮಾಲ್ ವಿಲಿಯಮ್ಸ್ 262 ಓಟಗಳಿಂದ 1,066 ಗಜಗಳನ್ನೂ 17 ಟಚ್‌ಡೌನುಗಳನ್ನೂ ಗಳಿಸಿ, ಓಟದ ಟಚ್‌ಡೌನುಗಳಲ್ಲಿ ಲೀಗಿಗೇ ಮೊದಲಿಗನಾದನು. ಓಟದಿಂದ ಬಂದ ಅವನ ಅಂಕಗಳಲ್ಲಿ ಸುಮಾರು ಅರ್ಧದಷ್ಟು ಆ ಟಚ್‌ಡೌನುಗಳ ಫಲವೇ. ಮರುವರ್ಷ ಅವನು ನ್ಯೂ ಆರ್ಲಿಯನ್ಸ್ ಸೇಂಟ್ಸ್ ತಂಡಕ್ಕೆ ಹೋದನು. ಅಲ್ಲಿ 106 ಓಟಗಳಿಂದ 306 ಗಜ, ಒಂದೇ ಟಚ್‌ಡೌನು. ಹಿಂದಿನ ವರ್ಷದ ಪ್ರಮಾಣವೇ ಉಳಿದಿದ್ದರೆ 106 ಓಟಗಳಲ್ಲಿ ಸುಮಾರು 7 ಟಚ್‌ಡೌನುಗಳು ಬರಬೇಕಾಗಿತ್ತು. ಅಂತ್ಯರೇಖೆಯ ಬಳಿ ಚೆಂಡನ್ನು ಯಾರ ಕೈಗೆ ಕೊಡಬೇಕೆಂಬುದನ್ನು ನಿರ್ಣಯಿಸುವವನು ತರಬೇತುದಾರ. ಅಲ್ಲಿಯವರೆಗೆ ಚೆಂಡನ್ನು ತರುವುದು ಇಡೀ ತಂಡ. ಹೀಗೆ ಅನ್ಯರ ಅಧೀನದಲ್ಲಿರುವ ಫಲವನ್ನು ಆಟಗಾರನ ಸ್ವಂತ ಗುಣವೆಂದು ಬಗೆದು ಮುಂದಿನ ವರ್ಷಕ್ಕೂ ಬರೆದುಕೊಳ್ಳುವುದು ಸಾಧುವಲ್ಲ.

ನಾಲ್ಕನೆಯದು, ಓಟವೊಂದರ ಸರಾಸರಿ ಗಜ. 2023ರಲ್ಲಿ ಗಿಬ್ಸನ ಸರಾಸರಿ 5.2, ಮಾಂಟ್‌ಗೊಮೆರಿಯದು 4.6. ವ್ಯತ್ಯಾಸವು ದೊಡ್ಡದಾಗಿ ತೋರುತ್ತದೆ. ಆದರೆ ಒಂದು ಓಟ ಗಜದಷ್ಟು ಹಿಂದಕ್ಕೂ ಇನ್ನೊಂದು ಐವತ್ತು ಗಜ ಮುಂದಕ್ಕೂ ಹೋಗಬಹುದು. ಓಟಗಳ ಮಾನಕ ವಿಚಲನೆಯನ್ನು 6 ಗಜವೆಂದು ಊಹಿಸಿಕೊಂಡರೆ, ಈ ಎರಡು ಸರಾಸರಿಗಳ ಅಂತರದ ಮಾನಕ ದೋಷ ಸುಮಾರು 0.6 ಗಜವಾಗುತ್ತದೆ. ಕಂಡುಬಂದ ಅಂತರವೂ ಅಷ್ಟೇ. ಒಂದು ಋತುವಿನ ಈ ಆಧಾರದಿಂದ ಒಬ್ಬನನ್ನು ಸಮರ್ಥನೆಂದೂ ಇನ್ನೊಬ್ಬನನ್ನು ಕಡಿಮೆಯವನೆಂದೂ ತೀರ್ಮಾನಿಸಲು ಬರುವುದಿಲ್ಲ. ಮೇಲಾಗಿ ಒಂದೆರಡು ಗಜವಷ್ಟೇ ಬೇಕಾದ ಇಕ್ಕಟ್ಟಿನ ಸಂದರ್ಭಗಳಲ್ಲಿ ಹೆಚ್ಚಾಗಿ ಓಡುವವನ ಸರಾಸರಿ ಸಹಜವಾಗಿಯೇ ಇಳಿಯುತ್ತದೆ.

ಕೊನೆಯದಾಗಿ, ಜೊತೆಗಾರನಿಲ್ಲದಾಗ ಒದಗುವ ಬೆಲೆಯನ್ನು ಪರಿಗಣಿಸಬೇಕು. 2024ರ ಡಿಸೆಂಬರಿನಲ್ಲಿ ಬಫಲೋ ತಂಡದೆದುರಿನ ಪಂದ್ಯದಲ್ಲಿ ಮಾಂಟ್‌ಗೊಮೆರಿಯ ಮೊಣಕಾಲಿಗೆ ಪೆಟ್ಟಾಗಿ, ಸಾಮಾನ್ಯ ಋತುವಿನ ಉಳಿದ ಮೂರು ಪಂದ್ಯಗಳಲ್ಲಿ ಅವನು ಆಡಲಿಲ್ಲ. ಆ ಪಂದ್ಯಗಳಲ್ಲಿ ಗಿಬ್ಸನೇ ಪ್ರಧಾನ ಓಟಗಾರನಾದನು. ಕೊನೆಯ ಪಂದ್ಯದಲ್ಲಿ ಮಿನ್ನೆಸೋಟ ವೈಕಿಂಗ್ಸ್ ತಂಡದೆದುರು 4 ಟಚ್‌ಡೌನುಗಳನ್ನು ಗಳಿಸಿದನು. ಇದರಿಂದ ಅತಿಯಾದ ನಿರೀಕ್ಷೆಗೆ ಎಡೆಗೊಡಬಾರದು. ಹಂಚಿಕೆಯಲ್ಲಿ 14 ಅಂಕವನ್ನೂ ಒಬ್ಬನೇ ಇದ್ದಾಗ 20 ಅಂಕವನ್ನೂ ತರುವ ಒಬ್ಬ ಓಟಗಾರನನ್ನು ಕಲ್ಪಿಸಿಕೊಳ್ಳೋಣ. 17 ಪಂದ್ಯಗಳಲ್ಲಿ ಮೂರರಲ್ಲಿ ಮಾತ್ರ ಅವನು ಒಬ್ಬನೇ ಆಡಿದರೆ ಋತುವಿನ ಸರಾಸರಿ 15.1, ಹೆಚ್ಚಳ ಒಂದೇ ಅಂಕ. ಆದರೆ ಬಹುಪಾಲು ಕೂಟಗಳ ನಿರ್ಣಾಯಕ ಸ್ಪರ್ಧೆಗಳು ಡಿಸೆಂಬರಿನಲ್ಲಿ ನಡೆಯುವುದರಿಂದ ಅವಕಾಶ ಯಾವ ವಾರದಲ್ಲಿ ಬಂದಿತೆಂಬುದಕ್ಕೆ ಸರಾಸರಿಯು ತೋರಿಸದ ಮಹತ್ತ್ವವಿದೆ. ಹತ್ತರಲ್ಲಿ ಎರಡು ಓಟ ಮಾತ್ರ ದೊರೆಯುವ ಮೂರನೆಯ ಓಟಗಾರನಿಗಾದರೋ ಈ ಆಕಸ್ಮಿಕ ಮೌಲ್ಯವೇ ಬಹುಮಟ್ಟಿಗೆ ಸರ್ವಸ್ವ.

ಹೀಗೆ ಅಳತೆಗೋಲು, ಅವಕಾಶದ ಸಂಖ್ಯೆ ಮತ್ತು ಬಗೆ, ಟಚ್‌ಡೌನಿನ ಆಧಾರ, ದಕ್ಷತೆ, ಆಕಸ್ಮಿಕ ಲಾಭ ಎಂಬ ಕ್ರಮದಲ್ಲಿ ವಿಚಾರಿಸುವುದು ಯುಕ್ತ. ತರಗತಿಯಲ್ಲಿ ಭಾರಿತ ಸರಾಸರಿಯನ್ನೂ ಮಾನಕ ದೋಷವನ್ನೂ ಬೋಧಿಸುವವರಿಗೆ ಈ ನಿದರ್ಶನ ಉಪಯುಕ್ತವಾದೀತು. ಇದರ ಪಾಠ ಆಟದ ಅಂಗಳಕ್ಕೆ ಮಾತ್ರ ಸೀಮಿತವಲ್ಲ. ಹಲವರು ಸೇರಿ ಮಾಡಿದ ಕೆಲಸದಲ್ಲಿ ಒಬ್ಬನ ಯೋಗ್ಯತೆಯನ್ನು ನಿರ್ಣಯಿಸಬೇಕಾದ ಪ್ರತಿಯೊಬ್ಬರೂ, ಅವನು ಗಳಿಸಿದ್ದೆಷ್ಟು ಎಂದು ಎಣಿಸುವ ಮೊದಲು ಅವನಿಗೆ ಕೊಟ್ಟ ಅವಕಾಶವೆಷ್ಟು, ಎಂಥದು, ಕೊಟ್ಟವರು ಯಾರು ಎಂಬುದನ್ನು ಕೇಳಿಕೊಳ್ಳಬೇಕು. ಈ ವಿವೇಚನೆಯಿಲ್ಲದ ಅಂಕಿಯು ಎಷ್ಟು ನಿಖರವಾಗಿದ್ದರೂ ನ್ಯಾಯವಾದ ತೀರ್ಪಿಗೆ ಸಾಲದು.