‘ಮನೇಲಿ ಈ ಹೊತ್ತಲ್ಲಿ ಏನು ಮಾಡ್ತಿದ್ರು?’

ಸೊಂಟದ ಮೂಳೆ ಮುರಿದು ಆಸ್ಪತ್ರೆ ಸೇರಿದ ಎರಡನೇ ಸಂಜೆ ಅಮ್ಮ ಡ್ರಿಪ್ಪಿನ ಸೂಜಿ ಕಿತ್ತೆಸೆದಳು. ‘ದೀಪ ಹಚ್ಚೋ ಹೊತ್ತಾಯ್ತು, ಮನೆಗೆ ಹೋಗಬೇಕು’ ಎಂಬ ಒಂದೇ ಹಟ. ನಾನು ಗದರಿದೆ, ಆಮೇಲೆ ಅತ್ತುಬಿಟ್ಟೆ. ಕೈ ಕಟ್ಟಿಹಾಕುತ್ತಾರೇನೋ ಎಂಬ ಭಯ ಬೇರೆ. ಸಿಸ್ಟರ್ ರಕ್ತ ಒರೆಸಿ, ಪಟ್ಟಿ ಅಂಟಿಸಿ, ನನ್ನ ಕಡೆ ತಿರುಗಿದರು: ‘ಅಕ್ಕಾ, ಮನೇಲಿ ಅಜ್ಜಿ ಈ ಹೊತ್ತಲ್ಲಿ ಏನು ಮಾಡ್ತಿದ್ರು?’

ಬತ್ತಿ ಹೊಸೀತಿದ್ರು ಅಂದೆ. ಡ್ರೆಸ್ಸಿಂಗ್ ಟ್ರಾಲಿಯಿಂದ ಒಂದು ಹಿಡಿ ಹತ್ತಿ ಬಂತು. ನನ್ನ ಹೆಸರು ಮರೆತಿದ್ದ ಅಮ್ಮ ಎಳೆ ಬಿಡಿಸಿ, ಅಂಗೈಯಲ್ಲಿ ಹೊಸೆದು, ಬತ್ತಿಗಳನ್ನು ದಿಂಬಿನ ಪಕ್ಕ ಸಾಲಾಗಿ ಜೋಡಿಸಿದಳು. ಸ್ವಲ್ಪ ಹೊತ್ತಿಗೆ ಇನ್ನೊಂದು ಕೈ ಕೇಳಿದರೆ ತಾನಾಗಿ ಚಾಚಿದಳು.

‘ಅರವತ್ತಕ್ಕೆ ಅರಳು ಮರಳು’ ಎಂದು ನಾವು ತಳ್ಳಿಹಾಕುವುದು ವಯಸ್ಸಿನ ಗುಣವಲ್ಲ, ಕಾಯಿಲೆ. ದೇಶದಲ್ಲಿ 60 ದಾಟಿದ ಸುಮಾರು 88 ಲಕ್ಷ ಮಂದಿಗೆ ಡಿಮೆನ್ಷಿಯಾ ಇದೆಯೆಂದು ಅಂದಾಜು. ಅವರು ವಾರ್ಡಿಗೆ ಬರುವುದು ಹೆಚ್ಚಾಗಿ ಬೇರೆ ಕಾರಣಕ್ಕೆ: ಮುರಿದ ಮೂಳೆ, ನ್ಯುಮೋನಿಯಾ, ಮೂತ್ರದ ಸೋಂಕು. ಮರೆವಿನ ವಿಷಯ ಹೇಳಲು ನಮಗೆ ನಾಚಿಕೆ. ದಯವಿಟ್ಟು ಮುಚ್ಚಿಡಬೇಡಿ.

ಇದರಲ್ಲಿ ಇನ್ನೊಂದು ತೊಡಕಿದೆ. ಸೋಂಕು, ಮೈಯಲ್ಲಿ ನೀರು ಕಡಿಮೆಯಾಗುವುದು, ಮಲಬದ್ಧತೆ, ಹೊಸ ಮಾತ್ರೆ, ಯಾವುದರಿಂದಲೂ ಇಂಥವರಿಗೆ ದಿಢೀರನೆ ಗೊಂದಲ ಕವಿಯಬಹುದು. ಹಿಂದಿನವರು ಸನ್ನಿ ಎನ್ನುತ್ತಿದ್ದರಲ್ಲ, ಅದು. ರೋಗಿಯನ್ನು ಮೊದಲ ಸಲ ನೋಡುವ ನರ್ಸ್‌ಗೆ ಅದು ಹಳೆಯ ಮರೆವಿನಂತೆಯೇ ಕಾಣಬಹುದು. ‘ಮೊನ್ನೆವರೆಗೂ ಹೀಗಿರಲಿಲ್ಲ’ ಎಂದು ಮನೆಯವರು ಹೇಳಿದರೆ ಕಾರಣ ಹುಡುಕಲು ದಾರಿಯಾಗುತ್ತದೆ, ಬೇಗ ಹಿಡಿದರೆ ಎಷ್ಟೋ ಸಲ ಗೊಂದಲ ಇಳಿಯುತ್ತದೆ.

ಇಂಗ್ಲೆಂಡಿನಲ್ಲಿ ಇಂಥ ರೋಗಿಯ ಜೊತೆ ಮನೆಯವರು ಉಳಿಯಲು ಬಿಡಿ ಎಂದು ಕೇಳುವುದಕ್ಕೇ 2014ರಲ್ಲಿ ‘ಜಾನ್ಸ್ ಕ್ಯಾಂಪೇನ್’ ಎಂಬ ಚಳವಳಿ ಶುರುವಾಯಿತು. ನಮ್ಮ ವಾರ್ಡುಗಳಲ್ಲಿ ಜೊತೆಗೊಬ್ಬರು ಇದ್ದೇ ಇರುತ್ತಾರೆ. ಆದರೆ ಅವರನ್ನು ಮಾತ್ರೆ ತರಲು, ಬಿಲ್ ಕಟ್ಟಲು ಓಡಾಡಿಸುವುದೇ ಹೆಚ್ಚು. ಕನ್ನಡಕ, ಕಿವಿಯ ಯಂತ್ರ ಬ್ಯಾಗಿನಲ್ಲೇ ಉಳಿದಿವೆಯೆಂದು ನೆನಪಿಸಬಲ್ಲವರು ಅವರೇ ಅಲ್ಲವೇ?

ಆ ರಾತ್ರಿ ಸಿಸ್ಟರ್ ನನಗೂ ಹೇಳಿದರು: ‘ನೀವು ಎರಡು ಗಂಟೆ ಮಲಗಿ, ನಾನು ನೋಡ್ತಿರ್ತೀನಿ.’ ಎಷ್ಟೋ ದಿನದ ನಂತರ ಕಣ್ತುಂಬ ನಿದ್ದೆ ಬಂತು.

ಬೆಳಿಗ್ಗೆ ಎಚ್ಚರವಾದಾಗ ಅವರು ಮುಂದಿನ ಪಾಳಿಯ ಹುಡುಗಿಗೆ ಬಿಪಿ, ಜ್ವರದ ಲೆಕ್ಕ ಒಪ್ಪಿಸುತ್ತಿದ್ದರು. ಕೊನೆಗೆ, ‘ಎಡಗಿವಿ ಹತ್ರ ಮಾತಾಡು. ಮಜ್ಜಿಗೆ ಜೊತೆ ಕೊಟ್ರೆ ಮಾತ್ರೆ ನುಂಗ್ತಾರೆ. ಸಂಜೆ ಐದೂವರೆಗೆ ಹತ್ತಿ ಕೊಡೋದು ಮರೀಬೇಡ.’