ಕೈಗಾವೋ, ಕವಳವೋ, ವಂಶವೋ?

ಸದಾಶಿವಗಡದ ಗುಡ್ಡ ಹತ್ತಿ ನಿಂತರೆ ಕಾಳಿ ನದಿ ಕಡಲು ಸೇರುವುದು ಕಾಣುತ್ತದೆ. ಇದೇ ನದಿಯ ಮೇಲ್ಭಾಗದ ಕಾಡಿನಲ್ಲಿ ಕೈಗಾ ಅಣುವಿದ್ಯುತ್ ಸ್ಥಾವರವಿದೆ. 1989ರಲ್ಲಿ ಶಿವರಾಮ ಕಾರಂತರು ಇದನ್ನು ವಿರೋಧಿಸಿ ಲೋಕಸಭೆ ಚುನಾವಣೆಗೇ ನಿಂತಿದ್ದರು. 2000ದ ಹೊತ್ತಿಗೆ ಮೊದಲೆರಡು ಘಟಕಗಳು ವಿದ್ಯುತ್ ಕೊಡತೊಡಗಿದವು, 2011ಕ್ಕೆ ಅವು ನಾಲ್ಕಾದವು. ಕಾರವಾರ, ಅಂಕೋಲೆಯ ಕಡೆ ಯಾರಿಗಾದರೂ ಕ್ಯಾನ್ಸರ್ ಎಂದು ತಿಳಿದರೆ ಇಂದಿಗೂ ಜನ ಕೇಳುವುದು, ‘ಕೈಗಾದಿಂದ ಬಂತೋ ಏನೋ?’ ಇನ್ನು ಕೆಲವರು, ‘ಅಜ್ಜಿಗೂ ಇತ್ತಲ್ಲ, ವಂಶದ್ದೇ ಇರಬೇಕು’ ಎನ್ನುತ್ತಾರೆ.

ಎರಡೂ ನ್ಯಾಯವಾದ ಪ್ರಶ್ನೆಗಳೇ. ಉತ್ತರ ಹುಡುಕುವುದು ಎಪಿಡೆಮಿಯಾಲಜಿಸ್ಟ್‌ನ ಕೆಲಸ. ಬೇರೆ ವೈದ್ಯರು ಒಬ್ಬ ರೋಗಿಯ ನಾಡಿ ಹಿಡಿದರೆ ಈತ ಇಡೀ ಊರಿನ ನಾಡಿ ಹಿಡಿಯುತ್ತಾನೆ. ಒಂದು ಹಳ್ಳಿಯಲ್ಲಿ ಹತ್ತು ಮಂದಿಗೆ ಕ್ಯಾನ್ಸರ್ ಬಂದಿದೆ ಎಂದರೆ ಅವನಿಗೆ ಸಾಲದು. ಎಷ್ಟು ಜನರಲ್ಲಿ ಹತ್ತು, ಅವರ ವಯಸ್ಸೆಷ್ಟು, ಯಾವ ಅಂಗದ್ದು ಎಂಬುದು ಬೇಕು. ಹರೆಯದವರೆಲ್ಲ ಗೋವಾಕ್ಕೋ ಮುಂಬಯಿಗೋ ದುಡಿಯಲು ಹೋಗಿ ವಯಸ್ಸಾದವರೇ ಉಳಿದ ಊರಿನಲ್ಲಿ, ಬೇರೆ ಕಾರಣವೇ ಇಲ್ಲದಿದ್ದರೂ ಕ್ಯಾನ್ಸರ್ ಹೆಚ್ಚು ಕಾಣಿಸುತ್ತದೆ.

ಈ ಎಣಿಕೆ ನಮ್ಮ ದೇಶದಲ್ಲಿ ಶುರುವಾದದ್ದು ಮುಂಬಯಿಯಲ್ಲಿ, 1963ರಲ್ಲಿ. ಡಾ. ಡಿ. ಜೆ. ಜಸ್ಸಾವಾಲಾ ಅವರ ಮುಂದಾಳತ್ವದಲ್ಲಿ ನಗರದ ಕ್ಯಾನ್ಸರ್ ರೋಗಿಗಳ ದಾಖಲೆ ಶುರುವಾಯಿತು. ಅದರಲ್ಲಿ ಕಂಡದ್ದು: ಒಂದೇ ಊರಿನ ಗಾಳಿ ನೀರು ಸೇವಿಸಿದರೂ ಪಾರ್ಸಿ ಹೆಂಗಸರಲ್ಲಿ ಸ್ತನ ಕ್ಯಾನ್ಸರ್ ಉಳಿದವರಿಗಿಂತ ಹೆಚ್ಚು, ತಂಬಾಕಿನಿಂದ ದೂರವಿರುವ ಆ ಸಮುದಾಯದಲ್ಲಿ ಬಾಯಿ, ಗಂಟಲಿನ ಕ್ಯಾನ್ಸರ್ ಕಡಿಮೆ. ರಕ್ತದ ಪಾಲೆಷ್ಟು, ರೂಢಿಯ ಪಾಲೆಷ್ಟು ಎಂಬ ವಿಚಾರಕ್ಕೆ ಇಂಥ ಲೆಕ್ಕವೇ ದಾರಿ. 2000ದಲ್ಲಿ ಸ್ವೀಡನ್, ಡೆನ್ಮಾರ್ಕ್, ಫಿನ್ಲೆಂಡಿನ 44,788 ಅವಳಿ ಜೋಡಿಗಳ ಅಧ್ಯಯನ ಪ್ರಕಟವಾಯಿತು. ಸ್ತನ ಕ್ಯಾನ್ಸರಿನಲ್ಲಿ ವಂಶದ ಪಾಲು ಸುಮಾರು ನಾಲ್ಕರಲ್ಲೊಂದು ಎಂದು ಅದು ಅಂದಾಜಿಸಿತು. ಉಳಿದದ್ದು ಬದುಕು, ಪರಿಸರ ಮತ್ತು ಆಕಸ್ಮಿಕ.

ವಿಕಿರಣದ ವಿಚಾರಕ್ಕೆ ಕೇರಳದ ಕರುನಾಗಪ್ಪಳ್ಳಿಯನ್ನು ನೋಡಬೇಕು. ಅಲ್ಲಿನ ಕಡಲತಡಿಯ ಮರಳಿನಲ್ಲೇ ಥೋರಿಯಂ ಇದೆ. ಸುಮಾರು 70,000 ಜನರನ್ನು ಸರಾಸರಿ ಹತ್ತು ವರ್ಷ ಗಮನಿಸಿದಾಗ 1,379 ಕ್ಯಾನ್ಸರ್ ಪ್ರಕರಣಗಳು ಸಿಕ್ಕವು. ವಿಕಿರಣ ಹೆಚ್ಚಿದ್ದ ಮನೆಗಳಲ್ಲಿ ಕ್ಯಾನ್ಸರ್ ಹೆಚ್ಚಿರಲಿಲ್ಲ ಎಂದು 2009ರ ವರದಿ ಹೇಳಿತು. ಇದನ್ನೇ ಹಿಡಿದು ಕೈಗಾಕ್ಕೆ ನಿರಪಾಯದ ಸರ್ಟಿಫಿಕೇಟು ಕೊಡುವುದನ್ನು ನಾನು ಒಪ್ಪಲಾರೆ. ಮರಳಿನ ವಿಕಿರಣ ಮೈಗೆ ಹೊರಗಿನಿಂದ ತಾಗುವಂಥದ್ದು, ರಿಯಾಕ್ಟರಿನ ಟ್ರಿಟಿಯಂ ನೀರಿನ ಜತೆ ಮೈಯೊಳಗೇ ಸೇರಬಲ್ಲದು. ಕಾಳಿ ದಂಡೆಯ ಪ್ರಶ್ನೆಗೆ ಕಾಳಿ ದಂಡೆಯಲ್ಲೇ ಉತ್ತರ ಹುಡುಕಬೇಕು.

ಹುಡುಕುವಾಗ ಕವಳವನ್ನೂ ಮರೆಯುವಂತಿಲ್ಲ. ವೀಳ್ಯದೆಲೆಗೆ ಸುಣ್ಣ ಹಚ್ಚಿ, ಅಡಿಕೆ ಹೋಳಿಟ್ಟು, ಒಂದೆಸಳು ತಂಬಾಕು ಮುರಿದು ಹಾಕಿ ದವಡೆಗೆ ಒತ್ತಿಕೊಂಡರೆ ಗಂಟೆಗಟ್ಟಲೆ ಅಲ್ಲೇ. ವರ್ಷಗಟ್ಟಲೆ ಅದೇ ಕೆನ್ನೆ. ಕೊನೆಗೆ ಆ ಕೆನ್ನೆಯ ಒಳಗೇ ಬಿಳಿ ಮಚ್ಚೆ ಏಳುತ್ತದೆ, ಬಾಯಿ ಅಗಲಿಸಿ ತುತ್ತಿಡಲಾಗದು. ತಂಬಾಕಿಲ್ಲದ ಬರೀ ಅಡಿಕೆಯೂ ಕ್ಯಾನ್ಸರ್‌ಕಾರಕವೇ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ತೀರ್ಮಾನಿಸಿದೆ. ಅಡಿಕೆ ಬೆಳೆಯುವ ಜಿಲ್ಲೆಗೆ ಇದು ಕಹಿ ಮಾತು, ಆದರೂ ಹೇಳಲೇಬೇಕು.

ನಮ್ಮ ಕಡೆಯ ದೊಡ್ಡ ತೊಡಕು ಬೇರೆ. ಸದಾಶಿವಗಡದ ಒಬ್ಬ ರೋಗಿ ಗೋವಾದ ಬಾಂಬೋಳಿಗೆ ಹೋಗುತ್ತಾನೆ, ಇನ್ನೊಬ್ಬ ಮಣಿಪಾಲಕ್ಕೆ, ಮತ್ತೊಬ್ಬ ಹುಬ್ಬಳ್ಳಿಗೆ, ಕೈಯಲ್ಲಿ ನಾಲ್ಕು ಕಾಸಿದ್ದರೆ ಮುಂಬಯಿಯ ಟಾಟಾ ಆಸ್ಪತ್ರೆಗೆ. ಅಲ್ಲೆಲ್ಲ ನೆಂಟರ ಮನೆಯ ವಿಳಾಸ ಬರೆಸಿದರಂತೂ ಊರಿನ ಲೆಕ್ಕದಿಂದ ಆತ ಕಳೆದೇ ಹೋದ. ನಾಲ್ಕು ಊರಿನ ನಾಲ್ಕು ಪುಸ್ತಕಗಳನ್ನು ಒಟ್ಟಿಗಿಡದೆ ಕೈಗಾದ ಮೇಲೆ ತಪ್ಪು ಹೊರಿಸಲೂ ಆಗದು, ಅದನ್ನು ಪಾರುಮಾಡಲೂ ಆಗದು.

ಆದ್ದರಿಂದ ಓದುಗರಲ್ಲಿ ಒಂದು ವಿನಂತಿ. ಯಾವ ಆಸ್ಪತ್ರೆಗೇ ಹೋಗಿ, ನಿಮ್ಮ ಸ್ವಂತ ಊರಿನ ಹೆಸರನ್ನೇ ಬರೆಸಿ, ಎಷ್ಟು ವರ್ಷ ಅಲ್ಲಿದ್ದಿರಿ ಎಂಬುದನ್ನೂ ಹೇಳಿ. ಆಶಾ ಕಾರ್ಯಕರ್ತೆ ಮನೆಗೆ ಬಂದು ಕವಳದ ಬಗ್ಗೆ, ಅಜ್ಜಿಯ ಕಾಯಿಲೆಯ ಬಗ್ಗೆ ಕೇಳಿದರೆ ಮುಚ್ಚಿಡಬೇಡಿ. ಮೂವತ್ತು ದಾಟಿದವರಿಗೆ ಸರಕಾರಿ ಆರೋಗ್ಯ ಕೇಂದ್ರದಲ್ಲಿ ಬಾಯಿ, ಸ್ತನ, ಗರ್ಭಕೊರಳಿನ ತಪಾಸಣೆಯ ವ್ಯವಸ್ಥೆ ಇದೆ. ಎರಡು ವಾರವಾದರೂ ಬಾಯಿಹುಣ್ಣು ಮಾಯದಿದ್ದರೆ ತಡಮಾಡದೆ ಹೋಗಿ ತೋರಿಸಿ.